ಮಹಡಿ ನೋಡುವ ಕ್ಯಾಪ್ಟನ್

ಶಾಮನೂರಿನ ಕ್ಯಾಪ್ಟನ್ ಕೆಂಚವೀರಪ್ಪ ಹೆಂಗಸರ ಮೇಲೆ ಕಣ್ಣು ಹಾಕುವ ಮನುಷ್ಯ ಎಂದು ದಾವಣಗೆರೆಯ ಪಿ.ಜೆ. ಬಡಾವಣೆಯವರೆಲ್ಲ ನಂಬಿದ್ದರು. ಇದನ್ನು ಬರೆಯುತ್ತಿರುವವರೂ ಆ ಪೈಕಿಯೇ. ನಂಬದೆ ಇರಲು ಆತ ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ದಿನವೂ ಗಿರಣಿಗೆ ಹೋಗುವಾಗ, ಗಿರಣಿಯಿಂದ ಬರುವಾಗ, ರಸ್ತೆಯ ಅಂಚು ಬಿಟ್ಟು ನಟ್ಟನಡುವೆ ನಡೆಯುತ್ತಿದ್ದ. ಜಟಕಾದವರು ಬೈದರೂ ಅಂಚಿಗೆ ಸರಿಯುತ್ತಿರಲಿಲ್ಲ. ನೆಲ ನೋಡುತ್ತಿರಲಿಲ್ಲ, ಎದುರಿಗೆ ಬಂದವರನ್ನೂ ನೋಡುತ್ತಿರಲಿಲ್ಲ. ಕತ್ತು ತುಸು ಮೇಲೆತ್ತಿ ಎಡಗಡೆಯ ಮಹಡಿ, ಬಲಗಡೆಯ ಮಹಡಿ, ಮತ್ತೆ ಎಡಗಡೆಯದು, ಹೀಗೆ ಒಂದೊಂದು ಕಿಟಕಿಯನ್ನೂ ವಿಚಾರಿಸಿಕೊಂಡು ಹೋಗುವವನ ಹಾಗೆ ಸಾಗುತ್ತಿದ್ದ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಕೆಲವರು ಸೆರಗು ಸರಿಮಾಡಿಕೊಂಡು ಅಲ್ಲೇ ನಿಲ್ಲುತ್ತಾರೆ ಎಂಬ ಸುದ್ದಿಯೂ ಇತ್ತು. ಆದರೆ ಅದನ್ನು ಹಬ್ಬಿಸಿದವರು ಒಳಗೆ ಹೋದವರು.

ಬೇರೆಯವರಿಗೆ ಇದು ಸಂಜೆಯ ಮಾತಿಗೆ ಒದಗಿದ ವಸ್ತು. ಉಜ್ಜನಪ್ಪನವರಿಗೆ ಮಾತ್ರ ಎದೆಯುರಿ. ಯಾಕೆಂದರೆ ಅವರ ಮಗಳು ನೀಲಾಂಬಿಕೆಯನ್ನು ಆ ಕ್ಯಾಪ್ಟನ್ನಿಗೇ ಕೊಡುವ ಮಾತು ಅರ್ಧ ಆಗಿತ್ತು. ಉಳಿದರ್ಧಕ್ಕೆ ಬರುವ ಸೋಮವಾರ ಶಾಮನೂರಿನವರು ವೀಳ್ಯ ಹಿಡಿದು ಬರುವವರಿದ್ದರು.

ಉಜ್ಜನಪ್ಪನವರದು ಹತ್ತಿಪೇಟೆಯಲ್ಲಿ ದಲಾಲಿ ಅಂಗಡಿ. ಅಂಡಿಗೆ ಎಂಬ ದೊಡ್ಡ ಚೀಲದ ಬಾಯಲ್ಲಿ ಕಾಣುವ ಹತ್ತಿಯನ್ನು ಅವರು ಜನ್ಮದಲ್ಲಿ ನಂಬಿದವರಲ್ಲ. ಮೊಳಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆ ಎಳೆಯಾಗಿ ಜಗ್ಗಿ, "ಮ್ಯಾಲೆ ಚಲೋ ಐತೆ, ಒಳಗೆ ನೀರು ಹೊಡೆದೀರಿ" ಎಂದು ತೀರ್ಪು ಕೊಟ್ಟರೇ ಅವರಿಗೆ ಸಮಾಧಾನ. ನೀರು ಹೊಡೆಯದೆ ಇದ್ದರೆ ಸಂಶಯ ಇನ್ನೂ ಹೆಚ್ಚು. ಹಾಗಾದರೆ ಈ ಮನುಷ್ಯ ಮತ್ತೇನು ಮಾಡಿದ್ದಾನೆ?

ಮಗಳಿಗೆ ಗಂಡು ನೋಡುವುದರಲ್ಲೂ ಇದೇ ಪದ್ಧತಿ. ಚಿತ್ರದುರ್ಗದ ವಕೀಲ ಮಾತಿಗೆ ಮುಂಚೆ ನಗುತ್ತಿದ್ದ, ನಗುವಂಥದ್ದು ಏನಿತ್ತು? ರಾಣೆಬೆನ್ನೂರಿನ ಸಾಹುಕಾರರ ಮಗ ನಗಲೇ ಇಲ್ಲ, ಏನೋ ಮುಚ್ಚಿಟ್ಟಿದ್ದಾನೆ. ಜಗಳೂರಿನ ಡಾಕ್ಟರರಲ್ಲಿ ಹುಡುಕಿದರೂ ದೋಷ ಸಿಗಲಿಲ್ಲ, ಬೇಡವೆನ್ನಲು ಅದೇ ಸಾಕಾಯಿತು. ಹೀಗೆ ಎಲ್ಲರೂ ವಾಪಸಾಗಿ, ಬಿ.ಎ. ಮುಗಿಸಿದ ನೀಲಾಂಬಿಕೆ ಮನೆಯಲ್ಲಿ ಕೂತು ಬಂದವರಿಗೆಲ್ಲ ಉಪ್ಪಿಟ್ಟು ಕೊಡುವುದರಲ್ಲಿ ಎಂ.ಎ. ಮಾಡುತ್ತಿದ್ದಳು. ಕ್ಯಾಪ್ಟನ್ ಬಂದು ಹೋದ ದಿನ ಅವಳು ತಟ್ಟೆಗಳನ್ನು ತೆಗೆಯುತ್ತಾ ತಾಯಿಯ ಮುಂದೆ ಒಂದೇ ಮಾತು ಹೇಳಿದಳು: "ಅವ್ವಾ, ಇವರಾದ್ರೆ ಸರಿ. ಅಪ್ಪಾಜಿ ಇವರನ್ನೂ ಬ್ಯಾಡ ಅಂದ್ರೆ ನಾನು ಮತ್ತೆ ಯಾರ ಮುಂದೂ ಬಂದು ಕೂಡಂಗಿಲ್ಲ." ನೀಲಾಂಬಿಕೆ ಹೇಳಿದಂತೆ ಮಾಡುವವಳು ಎಂಬುದು ತಾಯಿ ಗಿರಿಯಮ್ಮನಿಗೆ ಗೊತ್ತು. ಉಜ್ಜನಪ್ಪನವರಿಗೂ ಗೊತ್ತು, ಅವರದೇ ರಕ್ತ.

ಮೊದಮೊದಲು ಈ ಸಂಬಂಧದಿಂದ ಉಜ್ಜನಪ್ಪನವರೇ ಹಿಗ್ಗಿದ್ದರು. ಅರವತ್ತೈದರ ಯುದ್ಧ ನಡೆದದ್ದು ಪಂಜಾಬಿನ ಗಡಿಯಲ್ಲಾದರೂ ಅದನ್ನು ನಡೆಸಿಕೊಟ್ಟವರು ತಾವು ಎಂಬ ಭಾವನೆ ಅವರಿಗೆ ಸ್ವಲ್ಪ ಇತ್ತು. ಅಂಗಡಿಯ ಗೋಡೆಗೆ ನಕ್ಷೆ ತೂಗುಹಾಕಿ, ರೇಡಿಯೋದಲ್ಲಿ ಒಂದು ಊರಿನ ಹೆಸರು ಬಂದ ಕೂಡಲೇ ಅಲ್ಲಿಗೆ ಗುಂಡುಸೂಜಿ ಚುಚ್ಚಿ, "ಇಲ್ಲೇ ಹೊಡೀಬೇಕು ಅಂತ ನಾನು ಮೊನ್ನೆನೇ ಅಂದಿದ್ದೆ" ಎನ್ನುತ್ತಿದ್ದರು. ಜವಾನರಿಗೆ ಕಂಬಳಿ ಕೂಡಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಕಂಬಳಿಗಳ ಜೊತೆ ತೆಗೆಸಿದ ಫೋಟೋ ಇನ್ನೂ ಅಂಗಡಿಯಲ್ಲಿದೆ. ಅದರಲ್ಲಿ ಅಧ್ಯಕ್ಷರು ಕಾಣುತ್ತಾರೆ, ಕಂಬಳಿ ಕಾಣುವುದಿಲ್ಲ. ಅಂಥವರಿಗೆ ಅಳಿಯನೆಂದರೆ ಆರಡಿ ಎತ್ತರ, ಹುರಿ ಮೀಸೆ, ಎದೆಯ ಮೇಲೆ ಪದಕ, ಮಾತಿನಲ್ಲಿ ಗುಡುಗು.

ಬಂದವನು ಅವರ ಹೆಗಲಿಗೆ ಬರುತ್ತಿದ್ದ. ಮೀಸೆಯನ್ನು ಬೋಳಿಸಿದ್ದ. ಪದಕವನ್ನು ತಾಯಿ ಮರಿಯವ್ವ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದಾಳಂತೆ, ಮನೆಯಲ್ಲಿ ಬೀಗವಿರುವ ಡಬ್ಬಿ ಅದೊಂದೇ ಅಂತ.

ಕೆಂಚವೀರಪ್ಪನ ಹಿನ್ನೆಲೆಯಲ್ಲಿ ಗುಟ್ಟು ಏನೂ ಇರಲಿಲ್ಲ. ತಂದೆಯಿಲ್ಲದ ರೈತರ ಮನೆಯ ಹುಡುಗ. ಶಾಮನೂರಿನಿಂದ ನಡೆದು ಬಂದು ದಾವಣಗೆರೆಯ ಕಾಲೇಜಿನಲ್ಲಿ ಓದಿದವನು. ಚೀನಾದವರು ಮೇಲೆ ಬಿದ್ದ ವರ್ಷ ಸೈನ್ಯಕ್ಕೆ ತುರ್ತಾಗಿ ಅಧಿಕಾರಿಗಳು ಬೇಕೆಂದಾಗ ಹೋಗಿ ಸೇರಿದ. ಕುಳ್ಳಗಿದ್ದುದಕ್ಕೇ ಟ್ಯಾಂಕಿಗೆ ಹಾಕಿದರು. ಒಳಗೆ ಜಾಗ ಕಡಿಮೆ. ಯುದ್ಧ ಮುಗಿದ ಮೇಲೆ ಬಹಳ ದಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಬಿಡುಗಡೆಯಾಗಿ ಬಂದು, ಒಂದು ಹತ್ತಿ ಗಿರಣಿಯಲ್ಲಿ ಯಂತ್ರಗಳ ಉಸ್ತುವಾರಿಗೆ ಸೇರಿ, ಬಡಾವಣೆಯಲ್ಲಿ ಕೋಣೆ ಹಿಡಿದಿದ್ದ. ಯುದ್ಧದಲ್ಲಿ ಏನು ಮಾಡಿದೆ ಎಂದು ಯಾರಾದರೂ ನೆಟ್ಟಗೆ ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಆದರೆ ನಮ್ಮ ಕಡೆ ಗಂಡಿನ ವಿಷಯವನ್ನು ಗಂಡನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳುವುದು ಪದ್ಧತಿ.

ಹೆಣ್ಣು ನೋಡಲು ಬಂದ ದಿನವೇ ಉಜ್ಜನಪ್ಪನವರ ಮೂಗು ಚುರುಕಾಯಿತು. ಕಿಟಕಿಯ ಪಕ್ಕ ಹಾಕಿದ್ದ ದೊಡ್ಡ ಕುರ್ಚಿಯನ್ನು ಕ್ಯಾಪ್ಟನ್ ಕಣ್ಣಿಂದಲೇ ಬೇಡವೆಂದು, ಮೂಲೆಯ ಸ್ಟೂಲನ್ನು ಗೋಡೆಗೆ ಒತ್ತಿ, ಬಾಗಿಲಿಗೆ ಮುಖಮಾಡಿ ಕೂತ. ಉಪ್ಪಿಟ್ಟಿಗೆ ಚಮಚ ಕೇಳಿದ. ಕೊಟ್ಟ ಚಮಚವನ್ನೂ ಹೊಸದಾಗಿ ಹಿಡಿಯುವವನ ಹಾಗೆ ಹಿಡಿದ.

"ಎಷ್ಟು ಟ್ಯಾಂಕ್ ಹೊಡೆದ್ರಿ?" ಎಂದರು ಉಜ್ಜನಪ್ಪನವರು, ನಕ್ಷೆಯ ಮೇಲಿನ ಗುಂಡುಸೂಜಿಗಳನ್ನು ನೆನೆಯುತ್ತಾ.

"ಎಣಿಸಲಿಲ್ಲ ರೀ."

ಹತ್ತಿಪೇಟೆಯಲ್ಲಿ ಎಣಿಸಲಿಲ್ಲ ಎನ್ನುವವನನ್ನು ಯಾರೂ ಅಂಗಡಿ ಹತ್ತಿಸುವುದಿಲ್ಲ.

ಹೊರಡುವಾಗ ಆದದ್ದು ದೊಡ್ಡದು. ಪೇಟೆಯಲ್ಲಿ ಧಾರಣೆ ಬಾಯಲ್ಲಿ ಆಡುವ ಮಾತಲ್ಲ. ಕೊಳ್ಳುವವನೂ ಮಾರುವವನೂ ಶಲ್ಯದ ಕೆಳಗೆ ಕೈ ಕೈ ಹಿಡಿದು, ಒಬ್ಬರ ಬೆರಳನ್ನೊಬ್ಬರು ಒತ್ತಿ ಬೆಲೆ ತಿಳಿಸುತ್ತಾರೆ; ಸುತ್ತಲಿನವರಿಗೆ ಶಲ್ಯ ಅಲುಗಾಡುವುದಷ್ಟೇ ಕಾಣುತ್ತದೆ. ಮೂವತ್ತು ವರ್ಷದ ಆ ರೂಢಿಗೆ ಉಜ್ಜನಪ್ಪನವರು ಬೀಳ್ಕೊಡುವಾಗಲೂ ಹೆಗಲ ಶಲ್ಯವನ್ನು ಇಳಿಬಿಟ್ಟು ಅದರ ಕೆಳಗೇ ಕ್ಯಾಪ್ಟನ್ನನ ಎರಡೂ ಕೈ ಹಿಡಿದರು. ಹಿಡಿದವರ ಮುಖ ಬಿಳಿಚಿತು. ಕೈಯೊಳಗೆ ಅಂಗೈ ಇರಲಿಲ್ಲ. ಗೆರೆಯಿಲ್ಲ, ಗಂಟಿಲ್ಲ, ಬಿಸಿಯಿಲ್ಲ. ಎಣ್ಣೆ ಸವರಿದ ಕಾಗದದ ಹಾಗೆ ನುಣ್ಣಗೆ ಏನೋ ಒಂದು. ಬೆರಳೊತ್ತಿದರೆ ಬೆರಳು ಮಡಚಲಿಲ್ಲ.

"ದೊಡ್ಡ ರೋಗ ಕಣೆ," ಎಂದರು ಹೆಂಡತಿಗೆ, ಬಾಗಿಲು ಹಾಕಿದ ಕೂಡಲೇ. "ನಾನು ಮುಟ್ಟಿ ನೋಡೀನಿ. ಅದಕ್ಕೇ ಚಮಚ."

"ಗುಂಡು ಗಿಂಡು ತಗುಲಿರಬಹುದು," ಎಂದಳು ಗಿರಿಯಮ್ಮ.

"ಎರಡೂ ಅಂಗೈಗೆ ಸಮ ಸಮ ಗುಂಡು ತಗಲ್ತಾವೇನು? ಏನು, ಗುಂಡು ಬಂದಾಗ ಕೈ ಒಡ್ಡಿ ಪ್ರಸಾದ ತಗಂಡಂಗೆ ತಗಂಡ್ನೇನು?"

ಅಂದಿನಿಂದ ಉಜ್ಜನಪ್ಪನವರು ಕಾವಲಿಗೆ ಕೂತರು. ಸಂಜೆ ಗಿರಣಿ ಬಿಡುವ ಹೊತ್ತಿಗೆ ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ಮನೆಗೆ ಬಂದು, ತಮ್ಮ ಮಹಡಿಯ ಕಿಟಕಿಯ ಪರದೆಯ ಹಿಂದೆ ಉಸಿರು ಹಿಡಿದು ನಿಲ್ಲುತ್ತಿದ್ದರು. ಕ್ಯಾಪ್ಟನ್ ಬರುತ್ತಿದ್ದ, ಎಡ ನೋಡುತ್ತಿದ್ದ, ಬಲ ನೋಡುತ್ತಿದ್ದ, ಇವರ ಮನೆಯ ಮಹಡಿಯನ್ನೂ ನೋಡಿ ಮುಂದೆ ಹೋಗುತ್ತಿದ್ದ.

"ನೋಡಿದೇನವ್ವಾ? ನಮ್ಮ ಮನಿ ಒಂದೇ ಅಲ್ಲ, ಎಲ್ಲಾರ ಮನಿ ಮಹಡಿ ಬೇಕು ಈ ಮಹಾಶಯಗೆ," ಎಂದರು ಮಗಳಿಗೆ.

"ಅಪ್ಪಾಜಿ, ಮೂಲಿಮನಿ ಖಾಲಿ ಬಿದ್ದು ವರ್ಷ ಆತು. ಅದರ ಮಹಡಿನೂ ನೋಡ್ತಾರೆ. ಅಲ್ಲಿ ಯಾವ ಹೆಂಗಸು ಐತೆ?"

"ರೂಢಿ ತಪ್ಪಬಾರದು ಅಂತ ನೋಡ್ತಾನೆ."

"ಔಷಧಿ ಅಂಗಡಿ ಮಹಡಿ ಮ್ಯಾಲೆ ಇರೋದು ಬರೇ ಮುದುಕ್ರು."

"ಹಂಗಾರೆ ನೀನೂ ಅವನ್ನ ನೋಡಾಕ ಹತ್ತಿ ಎಷ್ಟು ದಿನ ಆತು?"

ಗಿರಿಯಮ್ಮ ಒಳಗಿನಿಂದ, "ಒಂದು ಮನ್ಯಾಗ ಪರದೆ ಹಿಂದೆ ಎಷ್ಟು ಮಂದಿ ನಿಲ್ತೀರಿ? ಇನ್ನೊಂದು ಪರದೆ ತರ್ರಿ ನನಗೂ," ಎಂದಳು.

ಕೊನೆಯ ಏಟು ಕೊಟ್ಟವನು ಗಿರಣಿಯ ಗೇಟಿನ ಮಾರಪ್ಪ. ಉಜ್ಜನಪ್ಪನವರು ಅವನಿಗೆ ಎಲೆ ಅಡಿಕೆ ಕೊಟ್ಟು ವಿಚಾರಿಸಿದಾಗ, ಮಾರಪ್ಪ ಎಲೆಗೆ ಸುಣ್ಣ ಸವರುತ್ತಾ, "ಸಾಹೇಬ್ರು ಬಂಗಾರದಂಥೋರು ರೀ. ಐತವಾರ ಒಂದಿನ ಊರಾಗ ಸಿಗಂಗಿಲ್ಲ ಅಷ್ಟೇ. ಹರಿಹರಕ್ಕೆ ಹೋಗ್ತಾರೆ," ಎಂದ.

"ದೇವರಿಗೇನು?"

"ಗುಡಿ ಕಡಿಗೆ ಅಲ್ಲ ಅಂತಾರಪಾ. ರಶೀದಾ ಅಂತ ಯಾರೋ ಒಬ್ಬಾಕಿ ಮನಿಗೆ." ಮಾರಪ್ಪ ಎಲೆಯನ್ನು ಬಾಯಿಗಿಟ್ಟ. ಉಳಿದದ್ದನ್ನು ಅವನ ಹುಬ್ಬು ಹೇಳಿತು.

ಐತವಾರ ಬೆಳಿಗ್ಗೆ ಉಜ್ಜನಪ್ಪನವರು ವೇಷ ಮರೆಸಿಕೊಂಡು ಹೊರಟರು. ವೇಷ ಎಂದರೆ ಇಷ್ಟೇ: ದಿನವೂ ಸುತ್ತುವ ರುಮಾಲು ತೆಗೆದು, ಗುಮಾಸ್ತನ ಕರಿ ಟೋಪಿ ಹಾಕಿದ್ದರು. ಅಷ್ಟು ಮಾತ್ರಕ್ಕೆ ತಮ್ಮನ್ನು ದಾವಣಗೆರೆ ಗುರುತಿಸಲಾರದು ಎಂದು ಅವರು ಹೇಗೆ ನಂಬಿದರೋ. ಬಸ್ಸಿನಲ್ಲಿ ಐದಾರು ಮಂದಿ ಎದ್ದು, "ಬರ್ರಿ ಉಜ್ಜನಪ್ನೋರೆ, ಕೂಡ್ರಿ" ಎಂದರು. ಕ್ಯಾಪ್ಟನ್ ಮುಂದಿನ ಸೀಟಿನಲ್ಲಿದ್ದ, ತಿರುಗಿ ನೋಡಲಿಲ್ಲ. ನಡುದಾರಿಯ ಬಾತಿ ಊರು ದಾಟುವವರೆಗೂ ಉಜ್ಜನಪ್ಪನವರು ಟೋಪಿಯೊಳಗೆ ಬೆವೆತರು.

ಹರಿಹರದಲ್ಲಿ ಇಳಿದ ಕ್ಯಾಪ್ಟನ್ ಹೊಳೆಯ ಕಡೆಗಿನ ಒಂದು ಓಣಿಗೆ ತಿರುಗಿದ. ಓಣಿ ಸಣ್ಣದು, ಅಲ್ಲಿ ಮಾತ್ರ ಅವನ ನಡಿಗೆ ಚುರುಕಾಯಿತು. ನೀಲಿ ಬಾಗಿಲ ಮನೆಯೊಂದನ್ನು ತಟ್ಟಿ ಒಳಗೆ ಹೋದ. ತೆರೆದವಳು ಹೆಂಗಸು. ಉಜ್ಜನಪ್ಪನವರು ಎದುರಿನ ಚಹಾ ಅಂಗಡಿಯಲ್ಲಿ ಕೂತು, ನೊಣ ಬಿದ್ದ ಚಹಾವನ್ನೂ ಗಮನಿಸದೆ ಕುಡಿದರು. ಎದೆ ಉರಿಯುತ್ತಿತ್ತು, ಆದರೆ ಒಳಗೆ ಎಲ್ಲೋ ಸಣ್ಣ ಸಂತೋಷವೂ ಇತ್ತು. ಅಂಡಿಗೆಯ ತಳ ಕೊನೆಗೂ ಕೈಗೆ ಸಿಕ್ಕಿತ್ತು. ಮಗಳ ಮುಖ ನೆನಪಾದಾಗ ಆ ಸಂತೋಷ ಕುಗ್ಗಿತು. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಒಂದು ಚೀಲ ಹಿಡಿದು ಹೊರಬಿದ್ದು ಪೇಟೆಯ ಕಡೆ ಹೋದ. ಇವರು ಎದ್ದು ಹೋಗಿ ಬಾಗಿಲು ತಟ್ಟಿದರು.

ತೆರೆದ ಹೆಂಗಸು ಇವರನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದಳು. "ಯಾರು ಬೇಕ್ರಿ?"

"ಇಲ್ಲಿ... ಗಾದಿ ಮಾಡ್ತಾರೇನು?" ಒಳಗೆ ರಾಶಿ ಹತ್ತಿ, ಗೋಡೆಗೆ ಹಿಂಜುವ ಬಿಲ್ಲು ಕಂಡದ್ದರಿಂದ ಬಾಯಿಗೆ ಬಂದ ಸುಳ್ಳು.

"ಗಾದಿ ಬೇಕಾದೋರು ಅಷ್ಟೊತ್ತು ಎದುರಿಗೆ ಕುಂತು ಬಾಗಿಲು ಯಾಕ ಕಾಯ್ತಾರೆ?" ಎಂದವಳು, ಒಳಗೆ ತಿರುಗಿ, "ಏನ್ರೀ, ಮತ್ತೆ ಬಂದ್ರು ನೋಡ್ರಿ ನಿಮ್ಮನ್ನ ವಿಚಾರಿಸೋರು ಯಾರೋ," ಎಂದಳು.

ಒಳಗೆ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದವನು ಅವಳ ಗಂಡ ಹಿದಾಯತ್. ಹತ್ತಿ ಹಿಂಜುವ ಪಿಂಜಾರರ ಮನೆಯವನು. ಎರಡೂ ಕಾಲುಗಳು ಮೊಣಕಾಲಿನ ಕೆಳಗೆ ಸುಟ್ಟು ಸುರುಟಿದ್ದವು, ಪಕ್ಕದಲ್ಲಿ ಊರುಗೋಲಿತ್ತು. ಅವನು ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿ ಕೇಳಿದ: "ಯಾವ ಇಲಾಖೆ ರೀ? ಪೊಲೀಸೋ, ಸಿ.ಐ.ಡಿ.ಯೋ? ಯುದ್ಧದಾಗ ನಾನು ಆ ಕಡಿಗೆ ಗುಂಡು ತಿಂತಿದ್ದಾಗ ಈ ಕಡಿಗೆ ನಮ್ಮ ಓಣಿಯಾಗ ಬಂದು ವಿಚಾರಿಸಿದ್ರಂತೆ, ಹಿದಾಯತ್ ಯಾವ ಕಡೆಯೋನು ಅಂತ. ಇನ್ನೂ ಮುಗಿದಿಲ್ಲೇನು?"

"ಛೇ ಛೇ, ನಾನು ಗಾದಿಗೆ..." ಎನ್ನುತ್ತಾ ಉಜ್ಜನಪ್ಪನವರು ಸುಳ್ಳಿಗೆ ಒತ್ತಾಸೆಯಾಗಲೆಂದು ಹತ್ತಿಯ ರಾಶಿಗೆ ಕೈಹಾಕಿದರು. ಕೈ ತಾನಾಗಿ ಮೊಳಕೈವರೆಗೆ ಇಳಿಯಿತು, ತಳದ ಚಿಟಿಕೆ ಕಿತ್ತಿತು, ಹೆಬ್ಬೆರಳುಗಳು ಎಳೆ ಜಗ್ಗಿದವು. ಬಾಯಿ ತಾನಾಗಿ, "ಹಳೇದು ಬೆರೆಸೀಯಲ್ಲೋ" ಎಂದಿತು.

ಹಿದಾಯತ್ ನೋಡಿದ. ಆಮೇಲೆ ಅವನ ಮುಖ ಅಗಲವಾಗುತ್ತಾ ಹೋಯಿತು.

"ನೀಲಮ್ಮಾರ ಅಪ್ಪಾಜಿ ಏನ್ರಿ? ದಾವಣಗೆರೆ ಹತ್ತಿ ಸಾಹುಕಾರ್ರು? ರಶೀದಾ, ಚಾ ಇಡು. ನಮ್ಮ ಕ್ಯಾಪ್ಟನ್ ಸಾಬ್ ಮಾವಾರು ಬಂದಾರೆ. ಸಿ.ಐ.ಡಿ.ಗಿಂತ ದೊಡ್ಡೋರು."

"ಇನ್ನೂ ಮಾವ ಆಗಿಲ್ಲ," ಎಂದರು ಉಜ್ಜನಪ್ಪನವರು ಗಂಭೀರವಾಗಿ. ಸಿಕ್ಕಿಬಿದ್ದ ಮೇಲೆ ಗಂಭೀರವಾಗಿರುವುದು ಅವರಿಗೆ ಹೊಸದಲ್ಲ. "ನೆಟ್ಟಗೆ ಕೇಳ್ತೀನಿ. ಆ ಹುಡುಗನ ಕೈಗೆ ಏನು ರೋಗ?"

ಹಿದಾಯತ್ ನಗುವುದನ್ನು ನಿಲ್ಲಿಸಿದ. "ರೋಗ ನಾನೇ ರೀ," ಎಂದ.

ಆಮೇಲೆ ಅವನು ಹೊಲಿಯುತ್ತಿದ್ದ ಗಾದಿಯನ್ನು ಮಡಚಿ ನಡುವೆ ಇಟ್ಟು ಅದರ ಮೇಲೊಂದು ಉದ್ದ ತಲೆದಿಂಬು ಹಾಕಿದ. "ಇದು ಟ್ಯಾಂಕು. ಈ ದಿಂಬು ಫಿರಂಗಿ. ಸಾಬ್ ಮ್ಯಾಲೆ ಗೋಪುರದಾಗ. ನಾನು ಡ್ರೈವರು, ಇಲ್ಲಿ ಕೆಳಗೆ, ಮುಂದೆ. ಇಡೀ ರೆಜಿಮೆಂಟಿನಾಗ ಕನ್ನಡ ಮಾತಾಡೋರು ನಾವಿಬ್ರೇ. ಕೇಳಿ ನನ್ನನ್ನ ತಮ್ಮ ಟ್ಯಾಂಕಿಗೆ ಹಾಕಿಸ್ಕಂಡ್ರು. ಬೈದ್ರೆ ಕನ್ನಡದಾಗೇ ಬೈತಿದ್ರು, ಮನಿ ನೆನಪಾಗೋದು.

"ಗಡಿ ಆಚೆ ಒಂದು ಊರು. ಹೆಸರು ಬ್ಯಾಡ ಬಿಡ್ರಿ, ನಿಮ್ಮ ಪೇಟೆ ಇದ್ದಂಗೇ ಇತ್ತು. ಎರಡೂ ಕಡೆ ಅಂಗಡಿ, ಮ್ಯಾಲೆ ಮಹಡಿ. ನಮ್ಮ ಕಾಲ್ದಳದ ಹುಡುಗ್ರು ಆ ಬೀದಿಯಾಗ ಸಿಕ್ಕಂಡಿದ್ರು, ತಲೆ ಎತ್ತಂಗಿಲ್ಲ. ನಮ್ಮನ್ನ ಕಳಿಸಿದ್ರು. ಸಾಹುಕಾರ್ರೇ, ಬಯಲಾಗ ಟ್ಯಾಂಕು ಹುಲಿ. ಬೀದಿಯಾಗ ಬಾವಿಗೆ ಬಿದ್ದ ಎಮ್ಮಿ. ಫಿರಂಗಿ ಮಹಡಿ ಮಟ ಏಳಂಗಿಲ್ಲ. ಮುಚ್ಚಳ ಹಾಕ್ಕಂಡ್ರೆ ಮ್ಯಾಲೆ ಏನೂ ಕಾಣಂಗಿಲ್ಲ. ಕಿಟಕಿಯಿಂದ ಒಂದು ಬಾಂಬು ಬಿಟ್ರೆ ಮುಗೀತು. ಅದಕ್ಕ ಸಾಬ್ ಮುಚ್ಚಳ ತೆಗೆದು, ಎದಿಮಟ ಹೊರಗೆ ನಿಂತು, ಎಡ ಮಹಡಿ, ಬಲ ಮಹಡಿ ನೋಡ್ಕಂತ, ನನಗೆ ಹೇಳ್ತಾ ಬಂದ್ರು: ಹಿದಾಯತ್, ನಡುವೆ ಹೊಡಿ, ಗೋಡಿ ಕಡಿಗೆ ಹೋಗಬ್ಯಾಡ, ನಡುವೆ ಹೊಡಿ. ಇಡೀ ಬೀದಿ ಹಂಗೇ ಬಂದ್ರು. ನಮ್ಮ ಟ್ಯಾಂಕಿನ ಮರೆಯಾಗ ಆ ಹುಡುಗ್ರು ಒಬ್ಬೊಬ್ರಾಗಿ ಹೊರಗೆ ಬಿದ್ರು."

ಉಜ್ಜನಪ್ಪನವರು ಟೋಪಿ ತೆಗೆದರು. ಸೆಕೆಗೆ ಎಂದುಕೊಳ್ಳಬಹುದು.

"ಬೀದಿ ತುದಿಗೆ ಒಂದು ಮನಿ, ಖಾಲಿ ಇದ್ದಂಗೆ ಕಂಡ್ತು. ಅದರ ಮಹಡಿಯಿಂದಲೇ ಬಿತ್ತು. ಒಳಗೆ ಬೆಂಕಿ. ಮ್ಯಾಲಿದ್ದೋರೆಲ್ಲ ಜಿಗಿದು ಗೋಡಿ ಮರೆಗೆ ಹೋದ್ರು. ಅಲ್ಲಿ ಸಾಬ್ ಎಣಿಸಿದ್ರಂತೆ. ಒಬ್ಬ ಕಮ್ಮಿ." ಹಿದಾಯತ್ ತಲೆದಿಂಬನ್ನು ಗಾದಿಯ ಮುಂಭಾಗಕ್ಕೆ ತಿರುಗಿಸಿ ಅದುಮಿ ಹಿಡಿದ. "ನೋಡ್ರಿ, ಫಿರಂಗಿ ಹಿಂಗೆ ನನ್ನ ಮುಚ್ಚಳದ ಮ್ಯಾಲೇ ಬಂದು ನಿಂತಿತ್ತು. ಎತ್ತಿ ನೋಡ್ರಿ ಕೆಳಗಿಂದ."

ಉಜ್ಜನಪ್ಪನವರು ನಿಜವಾಗಿಯೂ ಕೈ ತೂರಿಸಿ ಎತ್ತಿ ನೋಡಿದರು. ಏಳಲಿಲ್ಲ.

"ನಂದೂ ಏಳಲಿಲ್ಲ. ಅವ್ವಾ ಅಪ್ಪಾ ಅಂತ ಒದರ್ತಾ ಕುಂತಿದ್ದೆ. ಸಾಬ್ ವಾಪಸ್ ಬಂದ್ರು. ಮಹಡಿಯಿಂದ ಗುಂಡು ಬೀಳ್ತಾನೇ ಇದ್ವು. ಉರಿಯೋ ಗೋಪುರದೊಳಗೆ ಇಳಿದ್ರು. ಫಿರಂಗಿ ತಿರುಗಿಸಾಕ ಒಳಗೆ ಕೈ ಚಕ್ರ ಐತೆ. ಕಬ್ಬಿಣದ್ದು, ಕೆಂಡ ಆಗಿತ್ತು. ತಿರುಗಿಸಿದ್ರು. ನಮ್ಮವ್ವ ರಾಗಿ ಬೀಸಿದಂಗೆ ತಿರುಗಿಸಿದ್ರು. ಫಿರಂಗಿ ಅತ್ಲಾಗೆ ಸರೀತು, ನಾನು ಹೊರಗೆ ಬಂದೆ. ಅಂಗೈ ಚರ್ಮ ಆ ಚಕ್ರಕ್ಕೇ ಅಂಟಿ ಉಳೀತು."

ಚಹಾ ತಂದ ರಶೀದಾ ಬಾಗಿಲ ಬಳಿಯೇ ನಿಂತಿದ್ದಳು. "ಐತವಾರ ಬರ್ತಾರೆ," ಎಂದಳು. "ಇಬ್ರೂ ಹೆಚ್ಚು ಮಾತೂ ಆಡಂಗಿಲ್ಲ. ಸುಮ್ನೆ ಕೂಡ್ತಾರೆ."

"ಇಂಜಿನ್ ಸದ್ದು ಇಲ್ದೆ ಕೂಡೋದು ಚಲೋ ಅನಸ್ತೈತೆ," ಎಂದ ಹಿದಾಯತ್.

ಉಜ್ಜನಪ್ಪನವರಿಗೆ ಗುಂಡುಸೂಜಿ ಚುಚ್ಚಿದ ನಕ್ಷೆ ನೆನಪಾಯಿತು. ಸೂಜಿಯ ಕೆಳಗೆ ಇಂಥ ಬೀದಿ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಮೂಲೆಯ ಖಾಲಿ ಮನೆಯ ವಿಷಯವಾಗಿ ಮಗಳು ಹೇಳಿದ್ದು ನೆನಪಾಯಿತು. ಆದರೂ ಸಂಶಯ ಒಂದೇ ಸಲಕ್ಕೆ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ. ಇಷ್ಟು ಚೆನ್ನಾಗಿ ಕಥೆ ಹೇಳುವ ಹಿದಾಯತ್‌ನನ್ನು ಯಾರಾದರೂ ಹೇಳಿಕೊಟ್ಟು ಕೂರಿಸಿರಬಹುದೇ ಎಂದು ಅವರು ಒಂದು ಕ್ಷಣ ಅವನ ಕಾಲುಗಳನ್ನು ನೋಡಿದರು. ನೋಡಿ ಕಣ್ಣು ಕೆಳಗೆ ಹಾಕಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕ್ಯಾಪ್ಟನ್ ಕೆಂಚವೀರಪ್ಪ ಮಂಡಕ್ಕಿ ಮೆಣಸಿನಕಾಯಿಯ ಚೀಲವನ್ನು ಬೆರಳಿಗೆ ನೇತುಹಾಕಿಕೊಂಡು ಒಳಗೆ ಬಂದ. ತನ್ನ ಭಾವೀ ಮಾವನವರು ಗುಮಾಸ್ತನ ಟೋಪಿಯನ್ನು ಮಡಿಲಲ್ಲಿಟ್ಟು, ಫಿರಂಗಿಯ ಕೆಳಗೆ ಕೈ ಸಿಕ್ಕಿಸಿ ಕೂತದ್ದನ್ನು ಕಂಡ. ಆಶ್ಚರ್ಯಪಡಲಿಲ್ಲ. "ಬರ್ರಿ," ಎಂದ, ಅವರು ಆಗಲೇ ಬಂದಿದ್ದರೂ.

ಉಜ್ಜನಪ್ಪನವರು ಎದ್ದರು. ಹೆಗಲ ಶಲ್ಯಕ್ಕೆ ಕೈ ಹೋಯಿತು. ಇಳಿಬಿಡಲು ಅಲ್ಲ, ಅದನ್ನು ತೆಗೆದು ಗಾದಿಯ ಮೇಲೆ ಹಾಕಲು. ಬಯಲಲ್ಲೇ, ಎಲ್ಲರೂ ನೋಡುವಂತೆ, ಕ್ಯಾಪ್ಟನ್ನನ ಎರಡೂ ಕೈಗಳನ್ನು ಹಿಡಿದುಕೊಂಡರು.

"ನಾಳೆ ನಿಮ್ಮವ್ವಾರಿಗೆ ಹೊತ್ತಿಗೆ ಸರಿಯಾಗಿ ಬರಾಕ ಹೇಳ್ರಿ. ಗಾದಿ ಇಲ್ಲೇ ಮಾಡಿಸ್ತೀನಿ, ನೀಲಮ್ಮಗೆ. ಹೊಸ ಹತ್ತಿ ನಾನು ಕಳಿಸ್ತೀನಿ," ಎಂದು ಹಿದಾಯತ್ ಕಡೆ ಒಂದು ನೋಟ ಬೀರಿದರು.

ಅಲ್ಲಿಗೆ ಸುಮ್ಮನಾಗಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಆದರೆ ಕಂಬಳಿ ಸಮಿತಿಯ ಅಧ್ಯಕ್ಷರಿಗೆ ಕೊನೆಯ ಮಾತು ತಮ್ಮದೇ ಆಗಬೇಕು. ಅವರು ಗಂಟಲು ಸರಿಮಾಡಿಕೊಂಡು, ಯುದ್ಧದ ಮರ್ಮ ಬಲ್ಲವರಂತೆ ಕೇಳಿದರು:

"ಅಲ್ರೀ ಕ್ಯಾಪ್ಟನ್ರೇ, ಇಷ್ಟು ದಿನ ನಮ್ಮ ಬಡಾವಣೆ ಮಹಡಿಗಳನ್ನ ಒಂದೂ ಬಿಡದಂಗ ನೋಡ್ಕಂತ ಬಂದ್ರಲ್ಲ, ಎಲ್ಲಾದ್ರೂ ಒಬ್ಬ ವೈರಿ ಕಂಡ್ನೇನು?"

"ಕಂಡ. ನಿಮ್ಮ ಮನಿ ಮಹಡಿ ಮ್ಯಾಲೆ, ಪರದೆ ಹಿಂದೆ. ನೀವು."